ಕಣ್ಣು ಬಾಕಿ

ಸಿರುಗುಪ್ಪ, 13 ಜನವರಿ 1951

ಹೊಸ ಡೈರಿಗೆ ಹದಿಮೂರು ದಿನ ತಡವಾಗಿ ಕೈ ಹಾಕಿದ್ದೇನೆ. ಕಾಪಿಪುಸ್ತಕ ಒಂದು ದಿನ ತಡವಾದರೆ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುವ ಡ್ರಾಯಿಂಗ್ ಮೇಷ್ಟ್ರು ಮರಿಬಸಪ್ಪನ ಶಿಸ್ತು ಇಷ್ಟು.

ಶಾಲೆಗೆ ಸಂಕ್ರಾಂತಿಯ ರಜೆ. ಹೊಸ ಚಿತ್ರಪುಸ್ತಕದ ಮೊದಲ ಹಾಳೆ ಇವತ್ತು ಮುಗಿಯಿತು. ಕಳೆದುಹೋದ ಕೋಳಿಯನ್ನು ಹುಡುಕುತ್ತ ಒಬ್ಬ ಹುಡುಗಿ ಊರೆಲ್ಲ ಸುತ್ತುತ್ತಾಳೆ, ಹದಿನಾರು ಪುಟ. ಹುಡುಗಿ ಬೇರೆ ಯಾರೂ ಅಲ್ಲ, ನನ್ನ ಮಗಳು ವೀರಭದ್ರಮ್ಮ. ಹೆಸರು ನನ್ನ ಅವ್ವನದು, ಕರೆಯುವುದು ವೀರಿ. ಏಳು ವರ್ಷದವಳನ್ನು ಅಲುಗಾಡದೆ ನಿಲ್ಲಿಸಲು ಅರ್ಧ ಅಚ್ಚು ಬೆಲ್ಲ ಖರ್ಚಾಯಿತು. ಕಿಟಕಿಯಿಂದ ಹತ್ತು ಗಂಟೆಯ ಬಿಸಿಲು. ಲಂಗ ಅರಿಶಿನದ ಹಳದಿ, ಅಂಚು ಇಟ್ಟಿಗೆ ಕೆಂಪು, ಹಿಂದೆ ನಾಟಿ ಗದ್ದೆಯ ಎಳೆಹಸಿರು. ಆ ಹಸಿರು ಪ್ರೆಸ್ಸಿನಲ್ಲಿ ಬರಬೇಕಾದರೆ ಹಳದಿಯ ಮೇಲೆ ನೀಲಿಯನ್ನು ತೀರ ತೆಳುವಾಗಿ ಹೊಡೆಯಬೇಕು. ಹೇಳಿದರೆ ಅವರು ಕೇಳಬೇಕಲ್ಲ.

ನಡುವೆ ಸಿಡುಬಿನ ದಾಕು ಹಾಕುವವರು ಬಾಗಿಲಿಗೆ ಬಂದು ಮಕ್ಕಳಿದ್ದಾರೆಯೇ ಎಂದು ಕೇಳಿದರು. ದಾಕು ಹಾಕಿಸಿದರೆ ತೋಳು ಬಾತುಕೊಳ್ಳುತ್ತದೆ, ಎರಡು ದಿನ ಜ್ವರ ಬೇರೆ. ಕೋಳಿಯನ್ನು ಕರೆಯಲು ಎತ್ತಿದ ಆ ತೋಳೇ ಚಿತ್ರದ ಜೀವ. ಮುಂದಿನ ವಾರ ಬನ್ನಿ ಎಂದು ಕಳಿಸಿಬಿಟ್ಟೆ. ವೀರಿಗೆ ಬೆಲ್ಲಕ್ಕಿಂತ ಅದೇ ಹೆಚ್ಚು ಖುಷಿಯಾಯಿತು.

ನನ್ನ ಹೆಂಡತಿ ಸುವರ್ಣ ಹೊಳೆಯಿಂದ ಬಟ್ಟೆ ಒಗೆದುಕೊಂಡು ಬಂದವಳು, ದಾಕಿನವರು ನಮ್ಮ ಓಣಿಗೆ ಬಂದಿದ್ದರೇ ಎಂದು ಕೇಳಿದಳು. ಇಲ್ಲ ಎಂದೆ. ನಿಜ ಹೇಳಿದ್ದರೆ ಬಣ್ಣ ಒಣಗುವ ಮೊದಲೇ ಜಗಳ ಶುರುವಾಗುತ್ತಿತ್ತು.

28 ಜನವರಿ

ಹನ್ನೊಂದು ಹಾಳೆ ಆದವು. ಕೈ ಚೆನ್ನಾಗಿ ಓಡುತ್ತಿದೆ. ದಾಕಿನವರು ಮತ್ತೆ ಈ ಕಡೆ ಬಂದಿಲ್ಲ.

ಇದು ನನ್ನ ನಾಲ್ಕನೆಯ ಪುಸ್ತಕ. ಮೊದಲನೆಯದು ಬಂದಾಗ, ಅಕ್ಷರವೇ ಇಲ್ಲದ್ದು ಎಂಥ ಪುಸ್ತಕ ಎಂದು ಸ್ಟಾಫ್ ರೂಮಿನಲ್ಲಿ ನಕ್ಕರು. ಎರಡನೆಯದು ಯುದ್ಧದ ಕಾಲದ್ದು. ಕಾಗದ ಸಿಗದೆ ಸಾಮಾನು ಕಟ್ಟುವ ಕಂದು ಹಾಳೆಯ ಮೇಲೆ ಅಚ್ಚಾಗಿ ನನ್ನ ಆಕಾಶವೆಲ್ಲ ಕೆಸರಾಯಿತು. ಮೂರನೆಯದರ ಪುಟಗಳನ್ನು ತೆಕ್ಕಲಕೋಟೆಯ ಮಕ್ಕಳು ಹರಿದು ಮನೆಯ ಗೋಡೆಗೆ ಅಂಟಿಸಿಕೊಂಡಿದ್ದನ್ನು ಕಣ್ಣಾರೆ ನೋಡಿದ್ದೇನೆ. ಹರಿದದ್ದಕ್ಕೆ ಅವರ ಮೇಷ್ಟ್ರು ಬೈಯುತ್ತಿದ್ದರು, ನನಗೆ ಮಾತ್ರ ಕುಣಿಯುವಷ್ಟು ಸಂತೋಷ. ಈ ಸಲ ಜಿಲ್ಲಾ ಬೋರ್ಡಿನವರು ತಮ್ಮ ಶಾಲೆಗಳಿಗೆಂದು ಸಾವಿರ ಪ್ರತಿ ಕೇಳಿದ್ದಾರೆ. ಪುಟದ ಕೆಳಗೆ ಕನ್ನಡದಲ್ಲಿ ಒಂದು ಸಾಲು, ತೆಲುಗಿನಲ್ಲಿ ಒಂದು ಸಾಲು. ಅದಕ್ಕಿಂತ ಹೆಚ್ಚು ಮಾತು ನನ್ನ ಪುಸ್ತಕಕ್ಕೆ ಬೇಡ. ವೀರಿ ಕಥೆ ಹೇಳು ಎಂದು ಪೀಡಿಸಿದರೂ ನಾನು ಚಿತ್ರ ಬರೆದು ಕೈಗೆ ಕೊಡುತ್ತೇನೆ. ಹೇಳುವ ಕೆಲಸ ಅವರವ್ವನದು.

ಯಾವ ಹಾಳೆಯಲ್ಲೂ ಇನ್ನೂ ಕಣ್ಣು ಇಟ್ಟಿಲ್ಲ. ಹುಡುಗಿಗೂ ಇಲ್ಲ, ಎತ್ತಿಗೂ ಇಲ್ಲ, ಕೋಳಿಗೂ ಇಲ್ಲ. ಇದು ಕುರುಗೋಡಿನ ನಮ್ಮ ಮನೆತನದ ರೂಢಿ. ಅಪ್ಪ ಮರದ ದೇವರಿಗೆ ಬಣ್ಣ ಹಾಕುವವರು. ಎಲ್ಲ ಮುಗಿದ ಮೇಲೆ ಸ್ನಾನ ಮಾಡಿ ಬಂದು ಕಣ್ಣು ಇಡುತ್ತಿದ್ದರು. ನಾನು ದೇವರನ್ನು ಬರೆಯುವುದಿಲ್ಲ, ಕೋಳಿ ಬರೆಯುತ್ತೇನೆ, ಆದರೂ ಆ ರೂಢಿ ಕೈಯಿಂದ ಹೋಗಿಲ್ಲ.

ಬಳ್ಳಾರಿ, 3 ಫೆಬ್ರವರಿ

ಬ್ರೂಸ್‌ಪೇಟೆಯ ಹಂಪಯ್ಯನವರ ಕಲ್ಲಚ್ಚಿನ ಪ್ರೆಸ್ಸಿಗೆ ಹದಿನಾರೂ ಹಾಳೆ ಒಪ್ಪಿಸಿದೆ. ನಾನು ಎಣ್ಣೆಮಸಿಯಲ್ಲಿ ಬರೆದದ್ದನ್ನು ಅವರು ಕಲ್ಲಿಗೆ ಇಳಿಸುತ್ತಾರೆ. ಇಳಿದ ಮೇಲೆ ನಾನೇ ಹೋಗಿ ಸಣ್ಣ ಕುಂಚದಲ್ಲಿ ಕಲ್ಲಿನ ಮೇಲೆ ಕಣ್ಣು ಇಡುತ್ತೇನೆ, ಆಮೇಲೆ ಅಚ್ಚು. ಮೂರು ಪುಸ್ತಕವೂ ಹಾಗೆಯೇ ಆದವು. ಆಗ ಕಲ್ಲಿನ ಕೆಲಸಕ್ಕಿದ್ದ ಚಂದ್ರಣ್ಣ ಈಗ ಮಗಳ ಮನೆ ಸೇರಿದ್ದಾನಂತೆ. ಹೊಸಬನ ಹೆಸರು ಎರ್ರೆಪ್ಪ, ಬೀಡಿ ಲೇಬಲ್ಲಿನಲ್ಲಿ ಕೈ ಪಳಗಿದವನು. ಹನ್ನೆರಡನೆಯ ತಾರೀಕು ಸೋಮವಾರ ಬರುತ್ತೇನೆ ಎಂದೆ. ಆಗಲಿ ಎಂದ.

ವೀರಿಗೆ ಗಿಳಿಹಸಿರು ರಿಬ್ಬನ್ನು ತೆಗೆದುಕೊಂಡೆ. ಅಂಗಡಿಯವನು ಅದನ್ನು ನವಿಲು ಬಣ್ಣ ಎಂದು ಕರೆದ. ಇವನಿಗೂ ಒಂದು ಪೆಟ್ಟಿಗೆ ಬಣ್ಣ ಕೊಟ್ಟು ಒಂದನೇ ಕ್ಲಾಸಿನಲ್ಲಿ ಕೂರಿಸಬೇಕು.

ಸಿರುಗುಪ್ಪ, 10 ಫೆಬ್ರವರಿ

ವೀರಿಗೆ ಜ್ವರ. ಬೆನ್ನು ನೋವು ಎನ್ನುತ್ತಾಳೆ. ಪಕ್ಕದ ಸಾವಂತ್ರಮ್ಮನ ಮಕ್ಕಳ ಜೊತೆ ದಿನವಿಡೀ ಬಿಸಿಲಲ್ಲಿ ಕುಣಿದರೆ ಇನ್ನೇನಾಗುತ್ತದೆ.

12 ಫೆಬ್ರವರಿ

ಬಳ್ಳಾರಿಗೆ ಹೋಗಲಿಲ್ಲ. ಬೆಳಿಗ್ಗೆ ಹಣೆಯ ಮೇಲೆ ನಾಲ್ಕು ಚುಕ್ಕೆ ಇದ್ದವು, ಮಧ್ಯಾಹ್ನಕ್ಕೆ ಮುಖ ತುಂಬ. ಕೆಂಪು ಎಂದರೆ ಯಾವ ಕೆಂಪು ಎಂದು ಬರೆಯಹೊರಟವನು ಬಿಟ್ಟುಬಿಟ್ಟೆ.

ಸುವರ್ಣ ಕೈಮುಗಿದು ಬೇವಿನ ಸೊಪ್ಪು ತಂದು ಬಾಗಿಲಿಗೆ ಕಟ್ಟಿದಳು. ಕಟ್ಟುತ್ತ, ಹಿಂದೆ ತಿರುಗದೆ, "ಈ ಸಲ ದಾಕಿನವರು ನಮ್ಮ ಓಣಿಗೆ ಬರಲೇ ಇಲ್ಲ ನೋಡ್ರಿ" ಅಂದಳು. ಹೂಂ ಎಂದೆ.

14 ಫೆಬ್ರವರಿ

ಕುರುಗೋಡಿನಿಂದ ಅಕ್ಕ ಗಂಗಕ್ಕ ಬಂದಳು. ಮನೆಯ ಆಡಳಿತವೆಲ್ಲ ಈಗ ಅವಳದೇ. ಸಿಡುಬಿನ ಅಮ್ಮ ಮನೆಯಲ್ಲಿರುವತನಕ ಒಗ್ಗರಣೆ ಇಲ್ಲ, ತಲೆ ಬಾಚುವುದಿಲ್ಲ, ಮನೆಯವರು ಯಾರೂ ಊರು ದಾಟುವಂತಿಲ್ಲ. ನಾನು ದಿನಾ ಪೇಪರ್ ಓದುವವನು, ಇಂಥದ್ದನ್ನೆಲ್ಲ ಕಂಡರೆ ನಗುವವನು. ಇವತ್ತು ನಗಲಿಲ್ಲ.

18 ಫೆಬ್ರವರಿ

ಮುಖ ಊದಿ ಕಣ್ಣು ಮುಚ್ಚಿಹೋಗಿವೆ. ವೀರಿ ಕೈಯಿಂದ ನನ್ನ ಗಡ್ಡ ಮುಟ್ಟಿ ನಾನೇ ಎಂದು ಗುರುತು ಹಿಡಿಯುತ್ತಾಳೆ.

ಪ್ರೆಸ್ಸಿನ ಕೆಲಸ ನಿಂತಿದೆ ಎಂದು ಗಂಗಕ್ಕನಿಗೆ ಹೇಳಿದೆ. ಅವಳು, "ಕೂಸಿನ ಕಣ್ಣು ಅಮ್ಮ ತೆರಿಯೂತನಕ ನೀನು ಯಾವ ಬೊಂಬೀಗೂ ಕಣ್ಣು ಇಡಬ್ಯಾಡ, ತಮ್ಮಾ" ಅಂದಳು. ಇಡುವುದಿಲ್ಲ ಎಂದು ಮಾತು ಕೊಟ್ಟೆ. ಪ್ರೆಸ್ಸಿನವರು ಕಾಯುತ್ತಾರೆ. ಕಣ್ಣಿಲ್ಲದೆ ಏನನ್ನು ತಾನೇ ಅಚ್ಚು ಹಾಕುತ್ತಾರೆ?

26 ಫೆಬ್ರವರಿ

ಇನ್ನೂ ತೆರೆದಿಲ್ಲ.

6 ಮಾರ್ಚ್

ಹಕ್ಕಳೆ ಉದುರಿದವು. ಬೇವಿನ ನೀರು ಹಾಕಿದರು, ಅಮ್ಮ ಇಳಿದಳು ಎಂದರು. ಜೀವ ಉಳಿಯಿತು. ಸುವರ್ಣ ನನ್ನ ಎದುರೇ ಅತ್ತಳು, ನಾನೂ ಅತ್ತೆ.

ರೆಪ್ಪೆಗಳು ಬಿಟ್ಟುಕೊಂಡಿವೆ. ಕಪ್ಪು ಇರಬೇಕಾದ ಕಡೆ ಹಾಲು ಚೆಲ್ಲಿದ ಹಾಗಿದೆ, ಎರಡರಲ್ಲೂ. ವೀರಿ ಹಾಸಿಗೆಯಲ್ಲಿ ಎದ್ದು ಕೂತು, ಹೊತ್ತು ಮುಳುಗಿದ್ದರೂ ದೀಪ ಯಾಕೆ ಹಚ್ಚಿಲ್ಲ ಎಂದು ಅವರವ್ವನನ್ನು ಕೇಳಿದಳು. ಬಾಗಿಲಲ್ಲಿ ಬಿಸಿಲು ಹೊಳೆಯುತ್ತಿತ್ತು. ಪೊರೆ ಕಟ್ಟಿದೆ, ಬಳ್ಳಾರಿಯಲ್ಲಿ ತೆಗೆಸಿದರೆ ಸರಿಹೋಗುತ್ತದೆ ಎಂದು ನಾನು ಎಲ್ಲರಿಗೂ ಜೋರಾಗಿ ಹೇಳಿದೆ.

ಬಳ್ಳಾರಿ, 12 ಮಾರ್ಚ್

ದವಾಖಾನೆಯಲ್ಲಿ ನಾನೂ ವೀರಿಯೂ ಮೂರು ತಾಸು ಕಾದೆವು. ಡಾಕ್ಟರು ಟಾರ್ಚ್ ಹಾಕಿ ನೋಡಿದ್ದು ಎರಡು ನಿಮಿಷ. ಪೊರೆಯಲ್ಲ, ಹುಣ್ಣಾಗಿ ಕಣ್ಣುಗುಡ್ಡೆಯೇ ಹಾಳಾಗಿದೆ, ಎರಡೂ ಹೋದವು, ಮದ್ರಾಸಿಗೆ ಒಯ್ದರೂ ಇದೇ ಮಾತು. ದಾಕು ಯಾಕೆ ಹಾಕಿಸಲಿಲ್ಲ, ಊರೂರಿಗೆ ಜನ ಕಳಿಸಿದ್ದರಲ್ಲ ಎಂದು ಕೇಳಿದರು. ಅವರು ಹೇಳಿದ್ದೆಲ್ಲ ತೆಲುಗಿನಲ್ಲಿ. ಅಷ್ಟೇ ಪುಣ್ಯ, ವೀರಿಗೆ ತಿಳಿಯಲಿಲ್ಲ. ಬೆಂಚಿನ ಮೇಲೆ ಕಾಲಾಡಿಸುತ್ತ ಕೂತಿದ್ದಳು.

ಮಗುವಿನ ಕೈ ಹಿಡಿದುಕೊಂಡೇ ಪ್ರೆಸ್ಸಿಗೆ ಹೋದೆ. ಬಾಗಿಲಲ್ಲೇ ಹಂಪಯ್ಯನವರು ರಟ್ಟು ಹಾಕಿದ ಪುಸ್ತಕ ಮುಂದೆ ಹಿಡಿದರು. ಸಾವಿರವೂ ಆಗಿಹೋಗಿದ್ದವು. ಹುಡುಗಿ ಹೊಲದಲ್ಲಿ ಹುಡುಕುತ್ತಾಳೆ, ಕಣ್ಣಿಲ್ಲ. ಬಾವಿಯಲ್ಲಿ ಬಗ್ಗಿ ನೋಡುತ್ತಾಳೆ, ಕಣ್ಣಿಲ್ಲ. ಕಟ್ಟಕಡೆಗೆ ಕೋಳಿ ಸಿಗುತ್ತದೆ, ಅದಕ್ಕೂ ಇಲ್ಲ. ಬೋರ್ಡಿನವರು ಒಂದು ಪ್ರತಿ ನೋಡಿ, ಮಕ್ಕಳು ಹೆದರಿ ಜ್ವರ ಬರಿಸಿಕೊಳ್ಳುತ್ತಾರೆ ಎಂದು ಹಿಂದಕ್ಕೆ ಕಳಿಸಿದರಂತೆ.

ಎರ್ರೆಪ್ಪನ ಮೇಲೆ ಎಗರಿಬೀಳಬೇಕೆಂದಿದ್ದೆ. ಅವನು ತಣ್ಣಗೆ, "ನೀವು ಬರದದ್ದನ್ನ ಒಂದೂ ಅಳಿಸಿಲ್ಲ, ಬರೀದೇ ಇದ್ದದ್ದನ್ನ ಒಂದೂ ಬರದಿಲ್ಲರಿ" ಅಂದ. ಹೇಳಿದ ತಾರೀಕಿಗೆ ನಾನು ಬರಲಿಲ್ಲ, ಬೀಡಿ ಲೇಬಲ್ಲಿಗೆ ಕಲ್ಲು ಬೇಕಾಯಿತು, ಅಚ್ಚು ತೆಗೆದು ಕಲ್ಲು ಉಜ್ಜಿಬಿಟ್ಟಿದ್ದಾರೆ. ಇನ್ನು ಆ ಕಲ್ಲಿನಲ್ಲಿ ಏನೂ ಇಲ್ಲ.

"ಮೂಲ್ಯಾಗ ಎರಡು ಮಾತು ಬರದಿದ್ರ ಸಾಕಿತ್ತಲ್ರೀ ಮೇಷ್ಟ್ರೇ, ಕಣ್ಣು ಬಾಕಿ ಅಂತ" ಅಂದರು ಹಂಪಯ್ಯನವರು. ಆಮೇಲೆ ಅವರ ಕಣ್ಣು ವೀರಿಯ ಮುಖದ ಮೇಲೆ ಬಿತ್ತು.

ನನಗೆ ಅದು ಹೊಳೆಯಲೇ ಇಲ್ಲ. ಕಣ್ಣು ಕೊನೆಗೆ ಇಡುತ್ತಾರೆ ಎಂದು ಯಾರಿಗಾದರೂ ಹೇಳಬೇಕಾಗುತ್ತದೆ ಎಂದು ನಮ್ಮ ಮನೆಯಲ್ಲಿ ಹುಟ್ಟಿದ ಯಾರಿಗೂ ಹೊಳೆಯುವುದಿಲ್ಲ.

ವೀರಿ ಪುಸ್ತಕ ಇಸಿದುಕೊಂಡು ಮೂಸಿದಳು. ತಾನು ಚೆಂದ ಬಂದಿದ್ದೇನೆಯೇ ಎಂದು ಕೇಳಿದಳು. ಬಂದಿದ್ದೀಯ ಎಂದೆ.

ಕುರುಗೋಡು, 14 ಮಾರ್ಚ್

ಸಿರುಗುಪ್ಪದ ಬಸ್ಸು ಹತ್ತಲು ಆಗಲಿಲ್ಲ. ಸುವರ್ಣನ ಮುಂದೆ ನಿಲ್ಲುವ ಧೈರ್ಯ ಬರಲಿಲ್ಲ, ಗಂಗಕ್ಕನ ಮನೆಗೆ ಬಂದೆ. ಡಾಕ್ಟರು ಮಳೆಗಾಲ ಕಳೆಯಲಿ, ಆಮೇಲೆ ಪೊರೆ ತೆಗೆಯೋಣ ಎಂದಿದ್ದಾರೆ ಎಂದು ಅಕ್ಕನಿಗೆ ಹೇಳಿದೆ. ಹೇಳಿ ರೂಢಿಯಾದರೆ ಅಲ್ಲಿ ಹೇಳುವುದು ಸುಲಭ.

ಸಂಜೆ ವೀರಿಯನ್ನು ಗುಡ್ಡದ ಬುಡಕ್ಕೆ ಕರೆದೊಯ್ದೆ. ಬಂಡೆ ಇನ್ನೂ ಬೆಚ್ಚಗಿತ್ತು. ಅದಕ್ಕೆ ಕೆನ್ನೆ ಇಟ್ಟುಕೊಂಡು ಕೂತಳು. ಎದುರಿಗೆ ಏನಿದೆ ಎಂದು ಕೇಳಿದಳು. ಗುಡ್ಡ ಎಂದೆ. ಎಂಥ ಗುಡ್ಡ ಎಂದಳು. ನಾನು ಬಾಯಿ ತೆರೆದೆ, ಮಾತು ಬರಲಿಲ್ಲ. ಹದಿನಾಲ್ಕು ವರ್ಷದಿಂದ ಪುಟಕ್ಕೆ ಒಂದು ಸಾಲಿಗಿಂತ ಹೆಚ್ಚು ಬರೆಯದವನಲ್ಲವೇ.

ಸಿರುಗುಪ್ಪ, 3 ಏಪ್ರಿಲ್

ಸುವರ್ಣ ಮಳೆಗಾಲದ ಮಾತನ್ನು ನಂಬಿದಳು. ಎಷ್ಟು ನಂಬಿದಳೆಂದರೆ, ಮಂಗಳವಾರ ಮಂಗಳವಾರ ಉಪವಾಸ ಹಿಡಿದಿದ್ದಾಳೆ. ಸುಂಕಲಮ್ಮನಿಗೆ ಬೆಳ್ಳಿಯ ಕಣ್ಣು ಮಾಡಿಸುತ್ತೇನೆಂದು ಹರಕೆ ಹೊತ್ತು, ಕಾಲಿನ ಚೈನು ಬಿಚ್ಚಿ ಪೆಟ್ಟಿಗೆಯಲ್ಲಿಟ್ಟಿದ್ದಾಳೆ. ಈಗ ಅವಳು ಮನೆಯಲ್ಲಿ ಓಡಾಡಿದರೆ ಸಪ್ಪಳವಿಲ್ಲ. ಅವಳು ಎಲ್ಲಿದ್ದಾಳೆಂದು ತಿಳಿಯದೆ ವೀರಿ ನಿಮಿಷಕ್ಕೊಮ್ಮೆ ಅವ್ವಾ ಎನ್ನುತ್ತಾಳೆ.

ಸುವರ್ಣನಿಗೆ ಎರಡು ಮಾತು ಹೇಳಬೇಕು. ಡಾಕ್ಟರು ಹೇಳಿದ್ದು ಒಂದು, ದಾಕಿನವರನ್ನು ಬಾಗಿಲಿನಿಂದ ಕಳಿಸಿದ್ದು ಇನ್ನೊಂದು. ಒಂದನ್ನು ಬಾಯಿಬಿಟ್ಟರೆ ಮತ್ತೊಂದು ಅದರ ಹಿಂದೆಯೇ ಬರುತ್ತದೆ. ದಿನಾ ಬೆಳಿಗ್ಗೆ ಇವತ್ತು ಹೇಳುತ್ತೇನೆ ಎಂದುಕೊಂಡು ಶಾಲೆಗೆ ಹೋಗಿಬಿಡುತ್ತೇನೆ.

22 ಏಪ್ರಿಲ್

ಬೇಸಿಗೆ ರಜೆ. ದಿನವಿಡೀ ವೀರಿ ನನ್ನ ಪಾಲಿಗೆ.

ಮಾಡಲು ಕೆಲಸವಿಲ್ಲದೆ ಕೋಳಿಯ ಕಥೆ ಹೇಳತೊಡಗಿದೆ. ಹುಡುಗಿ ಹೊಲಕ್ಕೆ ಹೋದಳು ಎಂದೆ. ಹೊಲ ಎಂದು ಅವಳಿಗೆ ಹೇಗೆ ಗೊತ್ತಾಯಿತು ಎಂದು ವೀರಿಯ ತಕರಾರು. ಆಮೇಲೆ ಹೀಗೆ ಹೇಳಿದೆ: ಕಾಲಿಗೆ ಜೋಳದ ಕೂಳೆ ಚುಚ್ಚಿತು, ದೂರದಲ್ಲಿ ಎತ್ತು ನೀರೆಳೆಯುವ ಕಪಿಲೆಯ ಗಾಲಿ ಕಿರ್ರೆಂದಿತು, ನೀರು ಕಾಲುವೆಗೆ ಬಿದ್ದಾಗ ಒದ್ದೆ ಮಣ್ಣಿನ ವಾಸನೆ ಬಂತು. ಬಾವಿಯಲ್ಲಿ ಬಗ್ಗಿ ಕೂಗಿದರೆ ಅವಳ ದನಿಯೇ ತಂಪಾಗಿ ತಿರುಗಿ ಬಂತು. ವೀರಿ ಬಾಯಿ ಕಳೆದುಕೊಂಡು ಕೇಳಿದಳು. ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಊಟದ ಹೊತ್ತಾಗಿತ್ತು. ಒಳಗೆ ಸುವರ್ಣ ಮೊರ ಕೊಡವುವುದನ್ನು ನಿಲ್ಲಿಸಿ ಕೇಳುತ್ತಿದ್ದಳು, ಕಥೆ ನಿಂತ ಮೇಲೆ ಮೊರದ ಸದ್ದು ಮತ್ತೆ ಶುರುವಾಯಿತು.

6 ಮೇ

ಹಂಪಯ್ಯನವರು ಸಾವಿರ ಪುಸ್ತಕವನ್ನೂ ಗೋಣಿ ಹೊಲಿದು ಬಸ್ಸಿನ ಮೇಲೆ ಕಳಿಸಿದ್ದಾರೆ. ಕೈಯಲ್ಲಿ ಕಣ್ಣು ಇಟ್ಟುಕೊಟ್ಟರೆ ಬೋರ್ಡಿನವರನ್ನು ಒಪ್ಪಿಸುತ್ತೇನೆ, ಇಲ್ಲದಿದ್ದರೆ ರದ್ದಿಗೆ ಹಾಕುತ್ತೇನೆ ಎಂದು ಚೀಟಿ. ಪುಸ್ತಕಕ್ಕೆ ಐವತ್ತು ಚಿಲ್ಲರೆ ಕಣ್ಣು. ಗಂಗಕ್ಕನಿಗೆ ಕೊಟ್ಟ ಮಾತು ನೆನಪಾಯಿತು. ಅದಕ್ಕೆ ಇನ್ನೇನು ಅರ್ಥ ಉಳಿದಿದೆ ಎಂದುಕೊಂಡು ಪೆನ್ನು ತೆಗೆದೆ.

ಈ ಮನೆಯಲ್ಲಿ ವೀರಿಯ ಎದುರು ಕಣ್ಣು ಎಂಬ ಮಾತನ್ನೇ ಯಾರೂ ಆಡುವುದಿಲ್ಲ. ಏನು ಮಾಡುತ್ತಿದ್ದೀ ಎಂದು ಕೇಳಿದಾಗ, ತಪ್ಪು ತಿದ್ದುತ್ತಿದ್ದೇನೆ ಎಂದೆ.

19 ಮೇ

ನೂರಾ ನಲವತ್ತು ಪುಸ್ತಕ. ಈಗ ಬೊಟ್ಟು ತಾನಾಗಿಯೇ ಜಾಗ ಹುಡುಕಿಕೊಳ್ಳುತ್ತದೆ, ನೋಡಬೇಕಾಗಿಯೂ ಇಲ್ಲ. ನಿಬ್ಬು ಕಾಗದಕ್ಕೆ ತಾಗಿದ ಸದ್ದಿನಲ್ಲೇ ಮಸಿ ಹೆಚ್ಚಾಯಿತೋ ಕಡಿಮೆಯಾಯಿತೋ ತಿಳಿಯುತ್ತದೆ. ಆ ಹಸಿರು ಹೇಗೆ ಬಂದಿದೆ ಎಂದು ಸುವರ್ಣ ಕೇಳಿದಳು. ನಾನು ಗಮನಿಸಿಯೇ ಇರಲಿಲ್ಲ.

ಸುವರ್ಣ ಅಕ್ಕಸಾಲಿಗನಿಗೆ ಹೇಳಿಕಳಿಸಿದ್ದಾಳೆ, ಮುಂದಿನ ಸೋಮವಾರದ ಸಂತೆಗೆ ಬಂದಾಗ ಚೈನು ಒಯ್ದು ಬೆಳ್ಳಿಯ ಕಣ್ಣು ಮಾಡಿಕೊಡುತ್ತಾನೆ. ಬೇಡ, ಮಳೆಗಾಲ ಮುಗಿದ ಮೇಲೆ ಮಾಡಿಸೋಣ ಎಂದೆ. ಹರಕೆಯಲ್ಲಿ ಚೌಕಾಶಿ ಮಾಡುತ್ತೀರಾ ಎಂದು ನನ್ನನ್ನೇ ಬೈದಳು.

27 ಮೇ

ಅಕ್ಕಸಾಲಿಗ ಈ ವಾರ ಸಂತೆಗೆ ಬರುವುದಿಲ್ಲವಂತೆ. ಇನ್ನೊಂದು ವಾರ ಸಿಕ್ಕಿತು. ಇದಕ್ಕೆ ಖುಷಿಪಡುವ ಗತಿ ಬಂದಿದೆ ನನಗೆ.

3 ಜೂನ್

ಸುವರ್ಣ ನೀರಿಗೆ ಹೋಗಿದ್ದಳು. ನಾನು ಪಡಸಾಲೆಯಲ್ಲಿ ಇನ್ನೂರಾ ಹನ್ನೆರಡನೆಯ ಪುಸ್ತಕ ತೆರೆದಿದ್ದೆ. ವೀರಿ ತೆವಳುತ್ತ ಬಂದು ಪಕ್ಕದಲ್ಲಿ ಕೂತಳು, ಪುಟದ ಮೇಲೆ ಬೆರಳಾಡಿಸಿದಳು. ಹಸಿ ಮಸಿ ಬೆರಳಿಗೆ ಹತ್ತಿತು. ತಪ್ಪು ತಿದ್ದುತ್ತಿದ್ದೇನೆ, ಮುಟ್ಟಬೇಡ ಎಂದೆ.

"ಕಣ್ಣು ಇಡಾಕ ಹತ್ತೀಯ" ಅಂದಳು. "ಪ್ರೆಸ್ಸಿನ್ಯಾಗ ಅವರು ಹೇಳಿದ್ದು ಕೇಳೀನಿ. ಒಂದು ಪುಸ್ತಕ ಹಂಗ ಬಿಡಪ್ಪಾ, ನನಗ."

ಮಳೆಗಾಲ ಕಳೆಯಲಿ, ನಿನ್ನವೂ ಸರಿಹೋಗುತ್ತವೆ ಎಂದೆ. ಎಷ್ಟು ಸಲ ಹೇಳಿದ ಮಾತು, ನಾಲಿಗೆ ತಾನಾಗಿ ಹೇಳಿತು.

"ಇಲ್ಲ. ಡಾಕ್ಟರು ಎರಡೂ ಹೋದ್ವು ಅಂದ್ರಲ್ಲ."

ಅವರು ತೆಲುಗಿನಲ್ಲಿ ಹೇಳಿದ್ದು ನಿನಗೆ ಹೇಗೆ ತಿಳಿಯಿತು ಎಂದೆ. ಎಂಥ ದಡ್ಡ ಪ್ರಶ್ನೆ. ಸಾವಂತ್ರಮ್ಮನ ಮನೆಯಲ್ಲಿ ದಿನಾ ಯಾವ ಮಾತಿನಲ್ಲಿ ಆಡುತ್ತಾಳೆಂದು ನಾನು ಒಂದು ದಿನವೂ ಕಿವಿಗೊಟ್ಟಿರಲಿಲ್ಲ. ಬೆಂಚಿನ ಮೇಲೆ ಕಾಲಾಡಿಸುತ್ತ ಎಲ್ಲವನ್ನೂ ಕೇಳಿದ್ದಾಳೆ. ಆವತ್ತಿನಿಂದ ಇವತ್ತಿನವರೆಗೆ ಹೆಚ್ಚುಕಡಿಮೆ ಮೂರು ತಿಂಗಳು, ಏಳು ವರ್ಷದ ಮಗು.

ಅವ್ವನಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ನೀನು ಹೇಳಿಲ್ಲಲ್ಲ. ಅದಕ್ಕ ನಾನೂ ಹೇಳಿಲ್ಲ" ಅಂದಳು.

ನನ್ನ ಕೈಯಿಂದ ಪೆನ್ನು ಉರುಳಿತು. ಅವಳು ಅದರ ಸದ್ದು ಹಿಡಿದು, ತಡವರಿಸಿ, ಹುಡುಕಿ ಕೊಟ್ಟಳು. ನಾಳೆ ಅಕ್ಕಸಾಲಿಗ ಬರುತ್ತಾನೆ, ಅವ್ವನ ಚೈನು ಹೋಗುತ್ತದೆ, ಅಷ್ಟರೊಳಗೆ ಹೇಳಬೇಕು ಎಂದಳು. ಆಮೇಲೆ ನನ್ನ ಕಿವಿಗೆ ಬಾಯಿ ಇಟ್ಟಳು.

"ದಾಕಿನವರು ಬಂದಿದ್ದನ್ನ ಮಾತ್ರ ಹೇಳಬ್ಯಾಡಪ್ಪಾ. ಅವ್ವ ನಿನ್ನ ಬೈತಾಳ."

ಅಂಗಳದಲ್ಲಿ ಕೊಡ ಇಳಿಸಿದ ಸದ್ದು ಕೇಳಿತು. ವೀರಿ ಜರುಗಿ ಕೂತು, ಮಸಿ ಹತ್ತಿದ ಬೆರಳನ್ನು ಲಂಗಕ್ಕೆ ಒರೆಸಿಕೊಂಡಳು.

4 ಜೂನ್

ಹೇಳಿದೆ. ಎರಡನ್ನೂ.

ಸುವರ್ಣ ಒಳಗೆ ವೀರಿಯ ದಾಕು ಬೀಳದ ತೋಳು ಸವರುತ್ತ ಕೂತಿದ್ದಾಳೆ. ಬೆಳಗಿನಿಂದ ಬಳೆಯ ಸದ್ದು ಇಲ್ಲಿಯವರೆಗೂ ಕೇಳುತ್ತಿದೆ, ಇನ್ನೂ ನಿಂತಿಲ್ಲ.